ಚಲಚ್ಚಿತ್ರದಿಂದ ಎತ್ತಿದ ಸ್ಥಿರಚಿತ್ರ: ಪಾಠಶೋಧನದ ದೃಷ್ಟಿಯಿಂದ ಒಂದು ವಿಮರ್ಶೆ

೧. ವಿಷಯಪ್ರವೇಶ

ಗ್ರಂಥಗಳಲ್ಲಿಯೂ ಸ್ಮರಣಸಂಚಿಕೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಈಗ ಅಚ್ಚಾಗುತ್ತಿರುವ ಚಿತ್ರಗಳಲ್ಲಿ ಹಲವು, ಛಾಯಾಗ್ರಾಹಕನು ಒಂದು ಕ್ಷಣವನ್ನು ಕಾದು ತೆಗೆದ ಚಿತ್ರಗಳಲ್ಲ. ಚಲಿಸುವ ಚಿತ್ರದೊಳಗಿಂದ ಒಂದು ಕ್ಷಣವನ್ನು ಬಿಡಿಸಿ ತೆಗೆದವು. ಹಳೆಯ ವಾಕ್ಚಿತ್ರದ ಪ್ರತಿ, ಉತ್ಸವಕಾಲದಲ್ಲಿ ಮೊಬೈಲಿನಲ್ಲಿ ಹಿಡಿದ ವೀಡಿಯೋ, ವಿದ್ವಾಂಸರೊಬ್ಬರ ಉಪನ್ಯಾಸದ ವೀಡಿಯೋ, ಇವುಗಳನ್ನು ಬೇಕಾದೆಡೆಯಲ್ಲಿ ತಡೆದು ನಿಲ್ಲಿಸಿ, ಒಂದು ಫ್ರೇಮನ್ನು ಎತ್ತಿಕೊಂಡು, ಫೋಟೋಶಾಪ್, ಗಿಂಪ್ ಮೊದಲಾದ ಚಿತ್ರಸಂಸ್ಕರಣದ ತಂತ್ರಾಂಶಗಳಲ್ಲಿ ತಿದ್ದಿ ಅಚ್ಚಿಗೆ ಕಳುಹಿಸುವುದು ವಾಡಿಕೆಯಾಗಿರುತ್ತದೆ. ಈ ಕಾರ್ಯವನ್ನು ಕೈಗೊಳ್ಳುವವರು ಇದನ್ನು ಬರಿಯ ಕೈಚಳಕವೆಂದು ಭಾವಿಸುವರು. ಹಸ್ತಪ್ರತಿಯಿಂದ ಪಾಠವನ್ನು ಎತ್ತಿ, ಶೋಧಿಸಿ, ಮುದ್ರಿಸುವ ಕಾರ್ಯಕ್ಕೆ ಇದು ಸರ್ವಥಾ ಸಮಾನವಾದದ್ದೆಂಬುದೂ, ಆ ಕಾರ್ಯದಲ್ಲಿ ಪ್ರಾಜ್ಞರು ನೆಲೆಗೊಳಿಸಿರುವ ನಿಯಮಗಳೇ ಇದಕ್ಕೂ ಸಲ್ಲತಕ್ಕವೆಂಬುದೂ ಪ್ರಕೃತ ಲೇಖನದ ಪ್ರತಿಜ್ಞೆಯಾಗಿದೆ.

ಇದನ್ನು ವಿದ್ವತ್ಪತ್ರಿಕೆಯಲ್ಲಿ ಚರ್ಚೆಗೆ ತರುವುದಕ್ಕೆ ಕಾರಣವುಂಟು. ಪ್ರಾಚೀನಚರಿತ್ರೆಗೆ ಶಾಸನಗಳೂ ಓಲೆಗರಿಗಳೂ ಕಡತಗಳೂ ಹೇಗೆ ಆಕರಗಳೋ, ಕಳೆದ ಸುಮಾರು ನೂರು ವರ್ಷಗಳ ನಾಟ್ಯ, ವೇಷಭೂಷಣ, ಉತ್ಸವ, ಜನಜೀವನಗಳಿಗೆ ಚಲಚ್ಚಿತ್ರಗಳು ಹಾಗೆ ಆಕರಗಳು. ಆದರೆ ಚಲಚ್ಚಿತ್ರವನ್ನು ಗ್ರಂಥದೊಳಗೆ ಕಟ್ಟಲಾಗದು. ಗ್ರಂಥದೊಳಕ್ಕೆ ಬರುವುದು ಅದರಿಂದ ಎತ್ತಿದ ಸ್ಥಿರಚಿತ್ರವೊಂದೇ. ಮೂಲವು ನಷ್ಟವಾಗಿ, ಎತ್ತಿದ ಪ್ರತಿಯೊಂದೇ ಉಳಿಯುವ ಕಾಲವೂ ಬರಬಹುದು. ಆಗ ಆ ಪ್ರತಿಯಲ್ಲಿ ಎತ್ತಿದವನು ಕೈಯಿಂದ ಸೇರಿಸಿದ್ದೆಷ್ಟು, ಮೂಲದಲ್ಲಿದ್ದದ್ದೆಷ್ಟು ಎಂಬುದನ್ನು ವಿವೇಚಿಸಲು ಯಾವ ಸಾಧನವೂ ಇರದು.

ಆದಕಾರಣ ಮೂರು ಪ್ರಶ್ನೆಗಳನ್ನು ಇಲ್ಲಿ ಕ್ರಮವಾಗಿ ವಿಚಾರಿಸಬೇಕಾಗಿದೆ. ಇಂತಹ ಚಿತ್ರದ ಸ್ವರೂಪವೇನು? ಅದನ್ನು ಎತ್ತುವ ಕ್ರಮವೇನು? ಎತ್ತಿದ ಮೇಲೆ ಎಷ್ಟರಮಟ್ಟಿಗೆ ತಿದ್ದಬಹುದು?

೨. ಸ್ವರೂಪನಿರ್ಣಯ

‘ಚಿತ್ರದ ಒಂದು ದೃಶ್ಯ’ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಅಚ್ಚಾಗುವ ಚಿತ್ರಗಳಲ್ಲಿ ವಸ್ತುತಃ ಎರಡು ಜಾತಿಗಳಿವೆ. ಚಿತ್ರೀಕರಣದ ಸ್ಥಳದಲ್ಲಿ ಚಲಚ್ಚಿತ್ರದ ಕ್ಯಾಮೆರಾವಲ್ಲದೆ ಬೇರೊಬ್ಬ ಛಾಯಾಗ್ರಾಹಕನು ಬೇರೊಂದು ಕ್ಯಾಮೆರಾದಿಂದ ತೆಗೆದದ್ದು ಮೊದಲನೆಯ ಜಾತಿ. ಕನ್ನಡದಲ್ಲಿ ಭವಾನಿ ಲಕ್ಷ್ಮೀನಾರಾಯಣ, ಪ್ರಗತಿ ಅಶ್ವತ್ಥನಾರಾಯಣ ಮೊದಲಾದವರು ಹೆಸರು ಗಳಿಸಿದ್ದು ಈ ಕಲೆಯಲ್ಲಿ. ಇಂತಹ ಚಿತ್ರವು ಚಲಚ್ಚಿತ್ರದಲ್ಲಿ ಇರುವುದೇ ಇಲ್ಲ. ಅನೇಕವೇಳೆ ನಟರು ದೃಶ್ಯವನ್ನು ಅಭಿನಯಿಸಿ ಮುಗಿಸಿದ ಮೇಲೆ, ಛಾಯಾಗ್ರಾಹಕನ ಕೋರಿಕೆಯಂತೆ ಅದೇ ಭಂಗಿಯಲ್ಲಿ ಮತ್ತೆ ನಿಲ್ಲುವರು. ಕೋನವೂ ಬೆಳಕೂ ದೃಷ್ಟಿಯೂ ಬೇರೆಯಾಗುವುವು. ಚಲಚ್ಚಿತ್ರದ ರೀಲಿನಿಂದಲೋ ವೀಡಿಯೋದಿಂದಲೋ ಬಿಡಿಸಿದ ಫ್ರೇಮು ಎರಡನೆಯ ಜಾತಿ. ಒಂದು ಕಾವ್ಯವನ್ನು ಕಂಡು ಬರೆದ ಪದ್ಯವೂ, ಆ ಕಾವ್ಯದೊಳಗಿಂದಲೇ ಉದ್ಧರಿಸಿದ ಪದ್ಯವೂ ಹೇಗೆ ಬೇರೆಯೋ ಇವೆರಡೂ ಹಾಗೆ ಬೇರೆ.

ಈ ಭೇದವು ಎಷ್ಟು ಮುಖ್ಯವಾದದ್ದೆಂಬುದಕ್ಕೆ ಕನ್ನಡದ ಪ್ರಥಮ ವಾಕ್ಚಿತ್ರವೇ ಉದಾಹರಣೆ. ‘ಸತಿ ಸುಲೋಚನಾ’ ೧೯೩೪ನೆಯ ಇಸವಿ ಮಾರ್ಚಿ ೩ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ವೈ. ವಿ. ರಾವ್ ಅದರ ನಿರ್ದೇಶಕರು; ಸಾಹಿತ್ಯವು ಬೆಳ್ಳಾವೆ ನರಹರಿಶಾಸ್ತ್ರಿಗಳದು; ಸುಬ್ಬಯ್ಯನಾಯುಡುರವರು ಇಂದ್ರಜಿತುವಾಗಿಯೂ, ತ್ರಿಪುರಾಂಬೆಯವರು ಸುಲೋಚನೆಯಾಗಿಯೂ, ಆರ್. ನಾಗೇಂದ್ರರಾಯರು ರಾವಣನಾಗಿಯೂ ಅಭಿನಯಿಸಿದರು. ಚಿತ್ರೀಕರಣವು ಕೊಲ್ಹಾಪುರದಲ್ಲಿ ನಡೆಯಿತು. ಆ ಚಿತ್ರದ ರೀಲುಗಳು ಇಂದು ಲಭ್ಯವಿಲ್ಲ. ರೀಲೇ ಇಲ್ಲದಿರುವಾಗ ಅದರಿಂದ ಫ್ರೇಮನ್ನು ಎತ್ತುವುದು ಅಸಂಭವ. ಹೀಗಿರುವಲ್ಲಿ ‘ಸತಿ ಸುಲೋಚನಾ’ದ ದೃಶ್ಯವೆಂದು ನಾವು ನೋಡುವ ಚಿತ್ರಗಳೆಲ್ಲವೂ ಆ ಕಾಲದ ಸ್ಥಿರಛಾಯಾಚಿತ್ರಗಳು, ಇಲ್ಲವೆ ಪ್ರಚಾರಕ್ಕಾಗಿ ಅಚ್ಚಾದವು. ಅವುಗಳಿಂದ ವೇಷವೇನೆಂದು ತಿಳಿಯಬಹುದು, ಪಾತ್ರಧಾರಿಗಳ ಮುಖವನ್ನು ಕಾಣಬಹುದು. ಆದರೆ ನಿರ್ದೇಶಕನು ಆ ದೃಶ್ಯವನ್ನು ಯಾವ ಕೋನದಿಂದ ತೋರಿಸಿದನು, ಇಂದ್ರಜಿತುವನ್ನು ಎಷ್ಟು ದೂರದಲ್ಲಿ ನಿಲ್ಲಿಸಿದನು, ನೆರಳನ್ನು ಎಲ್ಲಿ ಬೀಳಿಸಿದನು ಎಂದು ಅವುಗಳ ಆಧಾರದಿಂದ ನಿರ್ಣಯಿಸಲಾಗದು. ಈ ಭೇದವನ್ನು ಮರೆತು ಆ ಛಾಯಾಚಿತ್ರಗಳ ಆಧಾರದಿಂದ ಚಲಚ್ಚಿತ್ರದ ಶಿಲ್ಪವನ್ನು ವಿಮರ್ಶಿಸಹೊರಡುವುದು ಟೀಕೆಯನ್ನು ಓದಿ ಮೂಲದ ಛಂದಸ್ಸನ್ನು ವರ್ಣಿಸಿದಂತಾಗುವುದು.

ಇನ್ನು ಎರಡನೆಯ ಜಾತಿಯು ಆಲಂಕಾರಿಕರ ಪರಿಭಾಷೆಯಲ್ಲಿ ಮುಕ್ತಕಕ್ಕೆ ಸಮಾನವೆಂದು ಮೇಲುನೋಟಕ್ಕೆ ತೋರುವುದು. ಪ್ರಬಂಧದಿಂದ ಬೇರ್ಪಟ್ಟು ತನ್ನಲ್ಲಿಯೇ ಪರ್ಯವಸಾನ ಹೊಂದುವ ಪದ್ಯವು ಮುಕ್ತಕ. ಅಮರುಕನ ಒಂದೊಂದು ಮುಕ್ತಕವೂ ಪ್ರಬಂಧದಂತೆ ರಸವನ್ನು ಸುರಿಸುವುದೆಂದು ಆನಂದವರ್ಧನಾಚಾರ್ಯರು ಮೆಚ್ಚಿರುವರು. ಆದರೆ ಅಮರುಕನು ಮುಕ್ತಕವನ್ನು ಮುಕ್ತಕವಾಗಿಯೇ ರಚಿಸಿದನು. ಫ್ರೇಮಾದರೋ ಒಂಟಿಯಾಗಿ ನಿಲ್ಲಲೆಂದು ಹುಟ್ಟಿದ್ದಲ್ಲ. ಒಂದು ಸೆಕೆಂಡಿಗೆ ೨೪ರಂತೆ ಓಡುವ ಸಾಲಿನಲ್ಲಿ ಅದು ಒಂದು. ಎರಡೂವರೆ ಗಂಟೆಯ ಚಿತ್ರದಲ್ಲಿ ಅಂತಹವು ೨,೧೬,೦೦೦ ಇರುವುವು. ಸಾಮಾನ್ಯವಾಗಿ ಒಂದೊಂದಕ್ಕೂ ಬೆಳಕು ಬೀಳುವ ಕಾಲವು ಒಂದು ಸೆಕೆಂಡಿನ ೪೮ನೆಯ ಒಂದು ಪಾಲು. ಅಷ್ಟರಲ್ಲಿ ಬೀಸಿದ ಕೈಯು ಮಸುಕಾದ ಗೆರೆಯಾಗುವುದು. ಚಲಿಸುವಾಗ ಆ ಮಸುಕೇ ಚಲನೆಯನ್ನು ಸುಗಮವಾಗಿಸುವುದು. ನಿಲ್ಲಿಸಿದಾಗ ಅದೇ ದೋಷವಾಗಿ ತೋರುವುದು. ಆದುದರಿಂದ ಫ್ರೇಮು ಪ್ರಬಂಧದಿಂದ ಕಿತ್ತ ಪದ್ಯ. ಪೂರ್ವಾಪರಗಳ ಅಪೇಕ್ಷೆಯು ಅದರಲ್ಲಿ ಉಳಿದೇ ಇರುವುದು.

೩. ಗ್ರಹಣವಿಧಿ

ಈ ಅಪೇಕ್ಷೆಯು ಭಾವಕ್ಕೆ ಮಾತ್ರ ಸಂಬಂಧಿಸಿದ್ದಲ್ಲ; ವೀಡಿಯೋವನ್ನು ಸಂಗ್ರಹಿಸಿಡುವ ಕ್ರಮದಲ್ಲಿಯೂ ಇದೆ. ಎಲ್ಲ ಫ್ರೇಮುಗಳನ್ನೂ ಪೂರ್ಣವಾಗಿ ಬರೆದಿಟ್ಟರೆ ಕಡತವು ಅತಿಯಾಗಿ ಬೆಳೆಯುವುದೆಂದು ಯಂತ್ರವು ಲಾಘವವನ್ನು ಅವಲಂಬಿಸುತ್ತದೆ. ಕೆಲವು ಫ್ರೇಮುಗಳನ್ನು ಮಾತ್ರ ಪೂರ್ಣವಾಗಿ ಬರೆದು, ಮಿಕ್ಕವುಗಳಲ್ಲಿ ಹಿಂದಿನದಕ್ಕಿಂತ ಬದಲಾದ ಅಂಶವನ್ನಷ್ಟೇ ದಾಖಲಿಸುವುದು. ಪಾಣಿನೀಯವನ್ನು ಓದಿದವರಿಗೆ ಇದು ಹೊಸತಲ್ಲ. ಅಷ್ಟಾಧ್ಯಾಯಿಯಲ್ಲಿ ಒಂದು ಸೂತ್ರದ ಪದವು ಮುಂದಿನ ಸೂತ್ರಗಳಿಗೆ ಅನುವೃತ್ತಿಯಿಂದ ಹರಿದುಬರುವುದು. ಆ ಅನುವೃತ್ತಿಯನ್ನು ಬಿಟ್ಟು ಸೂತ್ರವೊಂದನ್ನೇ ಕಿತ್ತು ಓದಿದರೆ ಅರ್ಥವೇ ಆಗದು. ಕೆಲವು ಫ್ರೇಮುಗಳು ಹಿಂದಿನದನ್ನಷ್ಟೇ ಅಲ್ಲದೆ ಮುಂದಿನದನ್ನೂ ಅವಲಂಬಿಸುವುವು. ಇದು ವೈಯಾಕರಣರ ಅಪಕರ್ಷಕ್ಕೆ ಸದೃಶ. ಪೂರ್ಣವಾಗಿ ಬರೆದಿಟ್ಟ ಫ್ರೇಮಿಗೆ ತಂತ್ರಜ್ಞರು ಕೀ ಫ್ರೇಮು ಎಂದು ಹೆಸರಿಟ್ಟಿರುವರು. ತೀವ್ರವಾಗಿ ಸಂಕ್ಷೇಪಿಸಿದ ವೀಡಿಯೋಗಳಲ್ಲಿ ಬಹುಮಟ್ಟಿಗೆ ಅದೇ ಹೆಚ್ಚು ಸ್ಫುಟವಾಗಿರುವುದು. ಎತ್ತಬೇಕಾದ ಕ್ಷಣದ ಆಸುಪಾಸಿನಲ್ಲಿ ಅಂತಹ ಫ್ರೇಮು ಇದ್ದು, ಭಾವಕ್ಕೆ ಹಾನಿಯಿಲ್ಲದಿದ್ದರೆ, ಅದನ್ನೇ ಆಯುವುದು ಯುಕ್ತ.

ಅದಕ್ಕೂ ಮೊದಲು ಮೂಲಪ್ರತಿಯ ವಿಚಾರವಿದೆ. ನಮ್ಮ ವಿಜಯಪುರವು, ಹಿಂದೆ ವಡಿಗೇನಹಳ್ಳಿಯೆಂದು ಹೆಸರಾಗಿದ್ದದ್ದು, ರೇಷ್ಮೆಯ ಊರು. ಇಲ್ಲಿ ನೂಲು ಬಿಚ್ಚುವವರು ಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆಯ ತುದಿಯನ್ನು ಹುಡುಕಿ ಹಿಡಿದು, ಕಡಿಯದಂತೆ ಬಿಚ್ಚುವರು. ಚಿಟ್ಟೆಯು ತೂತುಮಾಡಿಕೊಂಡು ಹೊರಬಿದ್ದ ಗೂಡಿನಿಂದ ಎಂತಹ ನುರಿತ ಕೈಗೂ ಅಖಂಡವಾದ ಎಳೆ ಬಾರದು. ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ದಾಟಿಬಂದ ವೀಡಿಯೋ ಇಂತಹ ತೂತುಬಿದ್ದ ಗೂಡು. ಹಾಗೆ ಕಳುಹಿಸುವಾಗ ಯಂತ್ರವು ಅದನ್ನು ಮರಳಿ ಸಂಕ್ಷೇಪಿಸಿ, ಸೂಕ್ಷ್ಮವಾದ ವಿವರಗಳನ್ನು ಕಳೆದಿರುತ್ತದೆ. ಒಂದು ಪ್ರತಿಯನ್ನು ನೋಡಿ ಇನ್ನೊಂದು, ಅದನ್ನು ನೋಡಿ ಮತ್ತೊಂದು ಎಂದು ಲಿಪಿಕಾರರು ಬರೆದ ಓಲೆಗಳಲ್ಲಿ ಸ್ಖಾಲಿತ್ಯಗಳು ಬೆಳೆದಂತೆ ಇಲ್ಲಿಯೂ ಬೆಳೆಯುವುವು. ಆದುದರಿಂದ ವೀಡಿಯೋ ತೆಗೆದವರಿಂದಲೇ ಮೊದಲ ಕಡತವನ್ನು ಪಡೆಯುವುದು ಪ್ರಥಮ ಕರ್ತವ್ಯ.

ಎತ್ತುವಾಗ ಸಂಭವಿಸುವ ದೋಷಗಳಲ್ಲಿ ನಾಲ್ಕನ್ನು ಮುಖ್ಯವಾಗಿ ಹೇಳಬಹುದು.

ಒಂದನೆಯದು, ಪರದೆಯನ್ನೇ ಚಿತ್ರವೆಂದು ಭ್ರಮಿಸುವುದು. ವೀಡಿಯೋ ಓಡುತ್ತಿರುವಾಗ ಪರದೆಯ ಛಾಯೆಯನ್ನು ಹಿಡಿದರೆ ದೊರೆಯುವುದು ಪರದೆಯ ಅಳತೆಯ ಚಿತ್ರವೇ ಹೊರತು ಫ್ರೇಮಿನ ಅಳತೆಯದಲ್ಲ. ವಿಎಲ್‌ಸಿ ಎಂಬ ತಂತ್ರಾಂಶದಲ್ಲಿ ಒಂದೊಂದೇ ಫ್ರೇಮನ್ನು ಮುಂದೂಡುತ್ತ ಬೇಕಾದದ್ದನ್ನು ಅದರ ಸ್ವಂತ ಅಳತೆಯಲ್ಲಿಯೇ ಉಳಿಸಿಕೊಳ್ಳಬಹುದು. ಎಫ್‌ಎಫ್‌ಎಂಪೆಗ್ ಎಂಬುದರಿಂದ ನಿರ್ದಿಷ್ಟ ಕಾಲಾವಧಿಯ ಎಲ್ಲ ಫ್ರೇಮುಗಳನ್ನೂ ಸಾಲಾಗಿ ಬಿಡಿಸಬಹುದು. ಫೋಟೋಶಾಪಿನಲ್ಲಿ ಅವುಗಳನ್ನು ಒಂದರ ಮೇಲೊಂದು ಪದರವಾಗಿ ತೆರೆಯಬಹುದು.

ಎರಡನೆಯದು, ಹೆಣೆದ ಗೆರೆಗಳ ದೋಷ. ಭಾರತದಲ್ಲಿ ಬಹುಕಾಲ ನಡೆದ ಹಳೆಯ ಟೆಲಿವಿಷನ್ ಪದ್ಧತಿಯಲ್ಲಿ ಸೆಕೆಂಡಿಗೆ ೨೫ ಫ್ರೇಮುಗಳು. ಒಂದೊಂದೂ ಎರಡು ಅರ್ಧಗಳಾಗಿ, ಒಮ್ಮೆ ಬೆಸದ ಗೆರೆಗಳು ಒಮ್ಮೆ ಸರಿಯ ಗೆರೆಗಳು ಎಂಬಂತೆ, ೫೦ ಬಾರಿ ಬರುತ್ತಿದ್ದವು. ಆ ಎರಡು ಅರ್ಧಗಳು ಒಂದೇ ಕ್ಷಣದವಲ್ಲ. ಅಂತಹ ಟೇಪಿನಿಂದ ಎತ್ತಿದ ಫ್ರೇಮಿನಲ್ಲಿ ನರ್ತಕಿಯ ಕೈ ಬಾಚಣಿಗೆಯ ಹಲ್ಲಿನಂತೆ ಸೀಳಾಗಿ ತೋರುವುದು. ಎರಡು ಅರ್ಧಗಳನ್ನು ಬಿಡಿಸಿ ಒಂದನ್ನು ಮಾತ್ರ ಆಯ್ದು, ನಡುವಣ ಗೆರೆಗಳನ್ನು ಲೆಕ್ಕದಿಂದ ತುಂಬಬೇಕು. ಹಾಗೆ ತುಂಬಿದ್ದನ್ನು ತಿಳಿಸಲೂ ಬೇಕು.

ಮೂರನೆಯದು, ಪ್ರಮಾಣದೋಷ. ಆ ಪದ್ಧತಿಯ ಫ್ರೇಮು ಕಡತದಲ್ಲಿ ೭೨೦ ಅಡ್ಡ, ೫೭೬ ಉದ್ದದ ಬಿಂದುಗಳಾಗಿರುವುದು. ನೋಡುವಾಗ ಅದನ್ನು ೭೬೮ಕ್ಕೆ ಅಗಲಿಸಿ ತೋರಿಸಬೇಕೆಂಬುದು ಸಂಕೇತ. ಇದನ್ನರಿಯದೆ ಇದ್ದಂತೆಯೇ ಅಚ್ಚುಹಾಕಿದರೆ ಮುಖಗಳೆಲ್ಲವೂ ಕೃಶವಾಗುವುವು. ತಾಲಮಾನವನ್ನು ಶಾಸ್ತ್ರವೆಂದು ಗೌರವಿಸಿದ ದೇಶದಲ್ಲಿ ಇದು ಅಕ್ಷಮ್ಯ.

ನಾಲ್ಕನೆಯದು, ಉಳಿಸುವ ರೂಪದ ದೋಷ. ಜೆಪೆಗ್ ರೂಪದಲ್ಲಿ ಉಳಿಸಿದಾಗಲೆಲ್ಲ ಒಂದಿಷ್ಟು ವಿವರವು ನಷ್ಟವಾಗುವುದು. ತಿದ್ದಿ ತಿದ್ದಿ ಉಳಿಸಿದಂತೆ ಆ ನಷ್ಟವು ಬೆಳೆಯುವುದು. ಪಿಎನ್‌ಜಿ, ಟಿಫ್ ಎಂಬ ರೂಪಗಳಲ್ಲಿ ಉಳಿಸಿದರೆ ಈ ಹಾನಿಯಿಲ್ಲ. ಸಾಮಾನ್ಯ ವೀಡಿಯೋಗಳಲ್ಲಿ ನಾಲ್ಕು ಬಿಂದುಗಳಿಗೆ ಒಂದೇ ವರ್ಣದ ಲೆಕ್ಕವಿರುವುದರಿಂದ, ಎತ್ತಿದ ಫ್ರೇಮಿನಲ್ಲಿ ಮೊದಲೇ ವರ್ಣದಾರಿದ್ರ್ಯವಿರುತ್ತದೆ; ಅದರ ಮೇಲೆ ಇನ್ನೂ ಕಳೆದುಕೊಳ್ಳುವುದು ವಿವೇಕವಲ್ಲ.

೪. ಕ್ಷಣದ ಆಯ್ಕೆ

ಇಷ್ಟು ಯಂತ್ರಸಂಬಂಧವಾದದ್ದು. ಯಾವ ಕ್ಷಣವನ್ನು ಎತ್ತಬೇಕೆಂಬ ಪ್ರಶ್ನೆಗಾದರೋ ಯಂತ್ರವು ಉತ್ತರ ಕೊಡಲಾರದು. ಇಲ್ಲಿ ಪ್ರಾಚೀನರೇ ಗತಿ.

ವಿಷ್ಣುಧರ್ಮೋತ್ತರಪುರಾಣದ ತೃತೀಯಖಂಡದಲ್ಲಿರುವ ಚಿತ್ರಸೂತ್ರದಲ್ಲಿ ಮಾರ್ಕಂಡೇಯ ಮಹರ್ಷಿಯು ವಜ್ರನೃಪನಿಗೆ, ನೃತ್ತಶಾಸ್ತ್ರವನ್ನರಿಯದೆ ಚಿತ್ರಸೂತ್ರವನ್ನು ತಿಳಿಯುವುದು ಬಹಳ ಕಷ್ಟವೆಂದು ಹೇಳುವನು. ಅಲೆ, ಜ್ವಾಲೆ, ಹೊಗೆ, ಗಾಳಿಗೆ ಹಾರುವ ಪತಾಕೆ, ಇವುಗಳನ್ನು ಗತಿಯೊಡನೆ ಬರೆಯಬಲ್ಲವನೂ, ನಿದ್ರಿಸುವವನಲ್ಲಿ ಚೈತನ್ಯವನ್ನೂ ಮೃತನಲ್ಲಿ ಅದರ ಅಭಾವವನ್ನೂ ತೋರಿಸಬಲ್ಲವನೂ ಚಿತ್ರವಿದನೆಂದು ಅಲ್ಲಿ ಲಕ್ಷಣವಿದೆ. ಫ್ರೇಮನ್ನು ಎತ್ತುವವನಿಗೆ ಇದಕ್ಕಿಂತ ಉತ್ತಮವಾದ ಪರೀಕ್ಷೆಯಿಲ್ಲ. ಉಪನ್ಯಾಸಕರು ರೆಪ್ಪೆ ಮುಚ್ಚಿದ ಕ್ಷಣವನ್ನು ಎತ್ತಿದರೆ ಅವರು ನಿದ್ರಿಸುವಂತೆ ಕಾಣುವರು. ‘ಆ’ಕಾರವನ್ನು ಉಚ್ಚರಿಸುತ್ತ ಬಾಯ್ದೆರೆದ ಕ್ಷಣವನ್ನು ಎತ್ತಿದರೆ ಮೂಢರಂತೆ ಕಾಣುವರು. ಎರಡೂ ಫ್ರೇಮುಗಳು ವೀಡಿಯೋದಲ್ಲಿ ನಿಜವಾಗಿಯೂ ಇರುವುವು. ಆದರೂ ಎರಡೂ ಅಸತ್ಯ. ಪ್ರತಿಪಕ್ಷದವರನ್ನು ಹಾಸ್ಯಾಸ್ಪದರನ್ನಾಗಿ ಮಾಡಲು ಇಂತಹ ಕ್ಷಣಗಳನ್ನೇ ಹುಡುಕಿ ಎತ್ತುವ ಕೆಟ್ಟ ಪರಿಪಾಟಿಯನ್ನು ವಾಚಕಮಹಾಶಯರು ಬಲ್ಲರು. ಒಂದು ಅಕ್ಷರವನ್ನೂ ತಿದ್ದದೆ ಪೂರ್ವಾಪರವನ್ನು ಕತ್ತರಿಸಿ ವಾಕ್ಯದ ಅರ್ಥವನ್ನು ಕೆಡಿಸಬಹುದಾದಂತೆ, ಒಂದು ಬಿಂದುವನ್ನೂ ತಿದ್ದದೆ ಚಿತ್ರದ ಅರ್ಥವನ್ನು ಕೆಡಿಸಬಹುದು.

ಶಿಲ್ಪಿಗಳು ಈ ಸಮಸ್ಯೆಯನ್ನು ಎಂದೋ ಎದುರಿಸಿದ್ದರು. ಚಿದಂಬರದ ಗೋಪುರಗಳಲ್ಲಿ ನಾಟ್ಯಶಾಸ್ತ್ರೋಕ್ತವಾದ ಕರಣಗಳನ್ನು ಕೆತ್ತಿರುವರು. ಕರಣವೆಂಬುದು ಹಸ್ತಪಾದಗಳ ಸಂಯುಕ್ತವಾದ ಚಲನೆ. ಕಲ್ಲಿನಲ್ಲಿರುವುದು ಅದರ ಒಂದು ಕ್ಷಣ. ಆ ಕ್ಷಣದಿಂದ ಬಲ್ಲವರು ಹಿಂದಣ ಮುಂದಣ ಗತಿಯನ್ನು ಊಹಿಸಬಲ್ಲರು. ಎಂತಹ ಕ್ಷಣದಲ್ಲಿ ಭೂತವೂ ಭವಿಷ್ಯತ್ತೂ ಕೂಡಿ ಸೂಚಿತವಾಗುವುವೋ ಅದೇ ಎತ್ತತಕ್ಕ ಕ್ಷಣ. ಕಣ್ಣಪ್ಪನ ಕಥೆಯನ್ನು ತೆಗೆದುಕೊಳ್ಳೋಣ. ಅವನು ತನ್ನ ಕಣ್ಣನ್ನು ಕಿತ್ತು ಅರ್ಪಿಸಿದ ಮೇಲಿನ ಫ್ರೇಮಿನಲ್ಲಿ ರಕ್ತವು ಕಾಣುವುದು, ಬೀಭತ್ಸವು ಮುಂದಾಗುವುದು. ಎರಡನೆಯ ಕಣ್ಣನ್ನು ಕೀಳುವುದಕ್ಕೆ ಮೊದಲು, ಲಿಂಗದ ಕಣ್ಣು ಎಲ್ಲಿದೆಯೆಂದು ಗುರುತಿಗಾಗಿ ಪಾದವನ್ನಿಟ್ಟು, ಬಾಣವನ್ನು ಎತ್ತಿ ಹಿಡಿದ ಕ್ಷಣದಲ್ಲಿಯಾದರೋ ನಡೆದದ್ದೂ ನಡೆಯಲಿರುವುದೂ ಎರಡೂ ಇವೆ. ಭಕ್ತಿಯು ಅಲ್ಲಿಯೇ ಪರಾಕಾಷ್ಠೆಯನ್ನು ಮುಟ್ಟಿದೆ.

ಆದರೆ ಎಷ್ಟು ಎಚ್ಚರದಿಂದ ಆಯ್ದರೂ ಸ್ಥಿರಚಿತ್ರಕ್ಕೆ ಸಿಲುಕದ ಭಾವಗಳುಂಟು. ಭರತಮುನಿಯು ಹೇಳಿದ ಎಂಟು ಸಾತ್ತ್ವಿಕಭಾವಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಇದು ಸ್ಪಷ್ಟವಾಗುವುದು. ಸ್ವರಭೇದವು ಶಬ್ದಾಶ್ರಿತವಾದುದರಿಂದ ಸ್ಥಿರಚಿತ್ರದಲ್ಲಿ ಸರ್ವಥಾ ಇಲ್ಲ. ವೇಪಥು, ಎಂದರೆ ನಡುಕವು, ಕಾಲಾಶ್ರಿತ. ನಿಲ್ಲಿಸಿದೊಡನೆ ಇಲ್ಲವಾಗುವುದು, ಇಲ್ಲವೆ ಬರಿಯ ಮಸುಕಾಗಿ ಉಳಿಯುವುದು. ಸ್ತಂಭದ ಗತಿ ವಿಚಿತ್ರವಾದದ್ದು. ಸ್ಥಿರಚಿತ್ರದಲ್ಲಿ ಎಲ್ಲರೂ ಸ್ತಬ್ಧರೇ ಆಗಿರುವುದರಿಂದ ಭಯದಿಂದಲೋ ವಿಸ್ಮಯದಿಂದಲೋ ಸ್ತಬ್ಧನಾದವನನ್ನು ಪ್ರತ್ಯೇಕವಾಗಿ ಗುರುತಿಸಲಾಗದು. ಪ್ರಳಯಕ್ಕೂ, ಎಂದರೆ ಮೂರ್ಛೆಗೂ, ಇದೇ ಕಷ್ಟ. ಸ್ವೇದವೂ ರೋಮಾಂಚವೂ ಸೂಕ್ಷ್ಮವಾದವು. ಯಂತ್ರವು ಸಂಕ್ಷೇಪಿಸುವಾಗ ಮೊಟ್ಟಮೊದಲು ಅಳಿಸಿಹಾಕುವುದು ಇಂತಹ ಸೂಕ್ಷ್ಮಗಳನ್ನೇ. ವೈವರ್ಣ್ಯವು ಫ್ರೇಮಿನಲ್ಲಿ ಉಳಿದರೂ ಮುಂದೆ ತಿದ್ದುವವನ ಕೈಯಲ್ಲಿ ಅಳಿಯುವುದು; ಮುಖಕ್ಕೆ ಕಾಂತಿ ತರುತ್ತೇನೆಂದು ಹೊರಟವನು ನಟನು ಶ್ರಮದಿಂದ ತಂದುಕೊಂಡ ಬಿಳುಪನ್ನು ಕಳೆಯುವನು. ಕೊನೆಗೆ ನಿಶ್ಚಿಂತೆಯಿಂದ ಉಳಿಯುವುದು ಅಶ್ರುವೊಂದೇ. ಸ್ಮರಣಸಂಚಿಕೆಗಳಲ್ಲಿ ಅಳುವ ದೃಶ್ಯಗಳೇ ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣವಿರಬಹುದು. ಸ್ಥಿರಚಿತ್ರಗಳನ್ನೇ ನೋಡಿ ನಟನೊಬ್ಬನ ಅಭಿನಯವನ್ನು ತೂಗುವವರು ಎಂಟರಲ್ಲಿ ಏಳನ್ನು ಬಿಟ್ಟು ತೂಗುತ್ತಿರುವರೆಂಬುದನ್ನು ನೆನಪಿನಲ್ಲಿಡಬೇಕು.

೫. ಶೋಧನವೂ ಕಲ್ಪನವೂ

ಈಗ ಮೂರನೆಯ ಪ್ರಶ್ನೆ. ಎತ್ತಿದ ಫ್ರೇಮಿನಲ್ಲಿ ಗೀರು, ಕಲೆ, ಕಾಳುಕಾಳಾದ ಮಸುಕು ಇದ್ದರೆ ತಿದ್ದಬಹುದೆ? ಅವಶ್ಯವಾಗಿ ತಿದ್ದಬಹುದು. ಆದರೆ ಯಾವುದರ ಆಧಾರದಿಂದ ಎಂಬುದರಲ್ಲಿ ಸರ್ವಸ್ವವೂ ಇದೆ.

ಹಸ್ತಪ್ರತಿಯ ಸಂಪಾದಕನಿಗಿಲ್ಲದ ಒಂದು ಭಾಗ್ಯವು ಫ್ರೇಮಿನ ಸಂಪಾದಕನಿಗಿದೆ. ಒಂದು ಓಲೆಯಲ್ಲಿ ಹುಳು ತಿಂದ ಅಕ್ಷರವನ್ನು ತಿಳಿಯಲು ಊರೂರು ಅಲೆದು ಪ್ರತ್ಯಂತರವನ್ನು ಹುಡುಕಬೇಕು. ಚಲಚ್ಚಿತ್ರದಲ್ಲಾದರೋ ಒಂದು ಸೆಕೆಂಡಿಗೆ ೨೪ ಪ್ರತ್ಯಂತರಗಳು ಸಾಲುಗಟ್ಟಿ ನಿಂತಿವೆ. ಒಂದು ಫ್ರೇಮಿನಲ್ಲಿ ಹಣೆಯ ಮೇಲೆ ಕಲೆ ಬಿದ್ದಿದ್ದರೆ ಅದರ ಹಿಂದಿನದರಲ್ಲಿ ಆ ಕಲೆ ಇರುವುದಿಲ್ಲ. ಅಲ್ಲಿಯ ಹಣೆಯನ್ನು ಇಲ್ಲಿಗೆ ತಂದು ಕೂಡಿಸಬಹುದು. ಪಾತ್ರವು ನಿಶ್ಚಲವಾಗಿರುವ ಕಡೆ ಎಂಟೋ ಹತ್ತೋ ಫ್ರೇಮುಗಳನ್ನು ಪದರಪದರವಾಗಿ ಹೊಂದಿಸಿ ಸರಾಸರಿ ತೆಗೆದರೆ, ಒಂದೊಂದರಲ್ಲಿಯೂ ಬೇರೆಬೇರೆಯಾಗಿ ಬಿದ್ದ ಕಾಳು ಅಳಿದು, ಎಲ್ಲದರಲ್ಲಿಯೂ ಸಮಾನವಾಗಿರುವ ಮುಖವು ಸ್ಫುಟವಾಗಿ ಮೇಲೇಳುವುದು. ಬಹುಪ್ರತಿಗಳ ಸಂವಾದದಿಂದ ಪಾಠವನ್ನು ನಿರ್ಣಯಿಸುವ ಕ್ರಮವೇ ಇದು. ನೆರೆಯ ಫ್ರೇಮಿನಿಂದ ತಂದದ್ದು ಶೋಧನ. ಹೊರಗಿನಿಂದ ತಂದದ್ದು ಕಲ್ಪನ. ಇದೇ ನಾವು ಹಾಕಬಯಸುವ ಗೆರೆ.

ಈ ಗೆರೆಯನ್ನು ದಾಟಿದರೆ ಏನಾಗುವುದೆಂಬುದಕ್ಕೆ ಈಚೆಗೆ ನೋಡಿದ ಒಂದು ಸ್ಮರಣಸಂಚಿಕೆಯ ಚಿತ್ರವನ್ನು ಹೇಳಬಹುದು. ಪ್ರಕಾಶಕರ ಹೆಸರು ಇಲ್ಲಿ ಅನಾವಶ್ಯಕ. ಪಲ್ಲಕ್ಕಿಯ ಉತ್ಸವದ ವೀಡಿಯೋದಿಂದ ಎತ್ತಿದ ಚಿತ್ರವದು. ಮೂರ್ತಿಗೆ ಅಡ್ಡವಾಗಿದ್ದ ಬೋವಿಯೊಬ್ಬನನ್ನು ತಂತ್ರಾಂಶದಿಂದ ಅಳಿಸಿರುವರು. ಮೂರ್ತಿಯು ಚೆನ್ನಾಗಿ ಕಾಣುವುದು ನಿಜ. ಆದರೆ ಪಲ್ಲಕ್ಕಿಯ ದಂಡವು ಒಂದು ಕಡೆ ಯಾರ ಹೆಗಲೂ ಇಲ್ಲದೆ ಆಕಾಶದಲ್ಲಿ ನಿಂತಿದೆ. ಇನ್ನು ಐವತ್ತು ವರ್ಷಗಳ ಮೇಲೆ ಆ ಊರಿನ ಉತ್ಸವಪದ್ಧತಿಯನ್ನು ಬರೆಯಹೊರಟವನು, ಪಲ್ಲಕ್ಕಿಗೆ ಎಷ್ಟು ಜನ ಹೆಗಲು ಕೊಡುತ್ತಿದ್ದರೆಂದು ಈ ಚಿತ್ರದಿಂದ ಎಣಿಸಿದರೆ ತಪ್ಪು ಯಾರದು? ದೇವರನ್ನು ಹೊತ್ತವನನ್ನು ಅಳಿಸಿ ದೇವರನ್ನು ತೋರಿಸಿದ್ದು ಭಕ್ತಿಗೂ ಸಲ್ಲದು, ಚರಿತ್ರೆಗೂ ಸಲ್ಲದು.

ಕೃತಕ ಬುದ್ಧಿಮತ್ತೆಯಿಂದ ಚಿಕ್ಕ ಚಿತ್ರವನ್ನು ಹಿಗ್ಗಿಸುವ ಸಾಧನಗಳ ವಿಷಯವು ಇನ್ನೂ ಸೂಕ್ಷ್ಮವಾದದ್ದು. ಇವು ಮಸುಕಾದ ಮುಖವನ್ನು 'ಸ್ಪಷ್ಟ'ಗೊಳಿಸುವುವೆಂದು ಹೇಳುವರು. ನಡೆಯುವುದೇನೆಂದರೆ, ಬೇರೆ ಅಸಂಖ್ಯ ಮುಖಗಳಿಂದ ಕಲಿತ ಅಭ್ಯಾಸದ ಬಲದಿಂದ, ಇಲ್ಲಿ ಇಂತಹ ಕಣ್ಣು, ಇಂತಹ ತುಟಿ ಇರಬಹುದೆಂದು ಯಂತ್ರವು ಊಹಿಸಿ ಬರೆಯುವುದು. ಹುಳು ತಿಂದ ಎಡೆಯಲ್ಲಿ ಛಂದಸ್ಸಿಗೆ ಹೊಂದುವಂತೆ ತಾನೇ ಒಂದು ಪಾದವನ್ನು ರಚಿಸಿ ತುಂಬುವ ಲಿಪಿಕಾರನ ಸಾಹಸವಿದು. ಆ ಪಾದವು ಸುಂದರವಾಗಿಯೂ ಇರಬಹುದು, ಆದರೆ ಕವಿಯದಲ್ಲ. ಎಲ್ಲಿಯೂ ಬೇರೆ ಚಿತ್ರವಿಲ್ಲದ ಒಬ್ಬ ಮೂಡಲಪಾಯದ ಭಾಗವತನ ಮುಖವನ್ನು ಹೀಗೆ ಸ್ಪಷ್ಟಪಡಿಸಿದರೆ, ಅವನ ವಂಶಸ್ಥರು ಪೂಜೆಯ ಮನೆಯಲ್ಲಿ ತೂಗುಹಾಕುವುದು ಯಾರ ಮುಖವನ್ನು?

ವರ್ಣಯೋಜನೆಯ ಪ್ರಶ್ನೆಯೂ ಇಲ್ಲಿಯೇ ಬರುವುದು. ಹುಣಸೂರು ಕೃಷ್ಣಮೂರ್ತಿಗಳ ನಿರ್ದೇಶನದಲ್ಲಿ ೧೯೬೫ರಲ್ಲಿ ಬಂದ ‘ಸತ್ಯ ಹರಿಶ್ಚಂದ್ರ’ವು ಕಪ್ಪುಬಿಳುಪಿನದು, ೨೦೦೮ರಲ್ಲಿ ಅದಕ್ಕೆ ಬಣ್ಣ ತುಂಬಿ ಮತ್ತೆ ತೆರೆಗೆ ತಂದರು. ದೊರೈ–ಭಗವಾನರ ‘ಕಸ್ತೂರಿ ನಿವಾಸ’ವು ೧೯೭೧ರದು, ಅದರ ವರ್ಣಯುಕ್ತ ಪ್ರತಿಯು ೨೦೧೪ರಲ್ಲಿ ಬಂದಿತು. ಈ ಕಾರ್ಯದ ಹಿಂದಿನ ಶ್ರಮವು ಅಲ್ಪವಾದುದಲ್ಲ, ಹೊಸ ಪೀಳಿಗೆಯವರು ಆ ಚಿತ್ರಗಳನ್ನು ಮತ್ತೆ ನೋಡುವಂತಾದದ್ದು ಲಾಭವೇ. ಆದರೆ ಕಪ್ಪುಬಿಳುಪಿನ ರೀಲಿನಲ್ಲಿ ಸೀರೆಯ ಬಣ್ಣದ ದಾಖಲೆಯಿಲ್ಲ, ಅದರ ಗಾಢತೆಯ ದಾಖಲೆ ಮಾತ್ರವಿದೆ. ಒಂದೇ ಬೂದಿಯ ಛಾಯೆಯು ಹಸುರಿನದೂ ಕೆಂಪಿನದೂ ಆಗಬಲ್ಲದು. ಆದುದರಿಂದ ತುಂಬಿದ ಬಣ್ಣವು ವ್ಯಾಖ್ಯಾನ. ವ್ಯಾಖ್ಯಾನವು ನಿಂದ್ಯವಲ್ಲ, ಮಲ್ಲಿನಾಥನಿಲ್ಲದೆ ಕಾಳಿದಾಸನನ್ನು ಓದಿದವರು ನಮ್ಮಲ್ಲಿ ವಿರಳ. ಆದರೆ ಮಲ್ಲಿನಾಥನ ವಾಕ್ಯವನ್ನು ಕಾಳಿದಾಸನದೆಂದು ಯಾರೂ ಉದ್ಧರಿಸುವುದಿಲ್ಲ. ೨೦೦೮ರ ಪ್ರತಿಯಿಂದ ಫ್ರೇಮನ್ನೆತ್ತಿ ‘ಸತ್ಯ ಹರಿಶ್ಚಂದ್ರ, ೧೯೬೫’ ಎಂದು ಕೆಳಗೆ ಬರೆಯುವುದು ವ್ಯಾಖ್ಯಾನವನ್ನು ಮೂಲದಲ್ಲಿ ಸೇರಿಸಿದ ಪ್ರಕ್ಷೇಪವಾಗುವುದು. ಎರಡು ಇಸವಿಗಳನ್ನೂ ಬರೆದರೆ ದೋಷವು ಪರಿಹಾರವಾಗುವುದು.

೬. ಆಕ್ಷೇಪಗಳ ಪರಿಹಾರ

ಇಲ್ಲಿ ಕೆಲವರು ಹೀಗೆ ಆಕ್ಷೇಪಿಸಬಹುದು: “ಕ್ಯಾಮೆರಾದೊಳಗೆ ಬೆಳಕು ಬಿದ್ದ ಕೂಡಲೆ ಯಂತ್ರವೇ ಬಣ್ಣವನ್ನೂ ಕಾಂತಿಯನ್ನೂ ತಿದ್ದಿಬಿಡುವುದು. ಮೊಬೈಲಿನ ಚಿತ್ರವಂತೂ ಹುಟ್ಟುವಾಗಲೇ ತಿದ್ದಿದ್ದು. ಹೀಗಿರುವಲ್ಲಿ ಶುದ್ಧವಾದ ಮೂಲವೆಂಬುದೇ ಇಲ್ಲ. ಇಲ್ಲದ ಮೂಲವನ್ನು ಕಾಪಾಡುವುದೆಂತು?” ಎಂದು. ಕವಿಯ ಸ್ವಹಸ್ತಪ್ರತಿಯು ನಮಗೆ ಯಾವ ಪ್ರಾಚೀನಕಾವ್ಯಕ್ಕೂ ದೊರೆತಿಲ್ಲ. ಆದರೂ ಉಪಲಬ್ಧವಾದ ಪ್ರತಿಗಳಲ್ಲಿರುವುದು ಯಾವುದು, ಸಂಪಾದಕನು ಸೇರಿಸಿದ್ದು ಯಾವುದು ಎಂಬ ವಿಭಾಗವನ್ನು ನಾವು ಬಿಡುವುದಿಲ್ಲ. ಪುಣೆಯ ಭಂಡಾರಕರ್ ಪ್ರಾಚ್ಯವಿದ್ಯಾಸಂಶೋಧನ ಮಂದಿರದವರು ೧೯೧೯ರಲ್ಲಿ ಆರಂಭಿಸಿ ೧೯೬೬ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕರಣದಲ್ಲಿ, ನಿಶ್ಚಯವಿಲ್ಲದ ಪಾಠದ ಕೆಳಗೆ ಅಲೆಯಂತಹ ಗೆರೆಯನ್ನು ಎಳೆದಿರುವರು. ರೈಸ್ ಸಾಹೇಬರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ ನಮ್ಮ ದೇವನಹಳ್ಳಿ ತಾಲ್ಲೂಕಿನ ಶಾಸನಗಳೂ ಸೇರಿವೆ. ಅಲ್ಲಿ ಕಲ್ಲು ಸವೆದು ಅಕ್ಷರ ಕಾಣದೆಡೆಯಲ್ಲಿ ಚುಕ್ಕಿಗಳಿವೆ. ಆ ಅಲೆಗೆರೆಯೂ ಆ ಚುಕ್ಕಿಗಳೂ ವಿದ್ವತ್ತಿನ ಕೊರತೆಯನ್ನು ಸೂಚಿಸುವುದಿಲ್ಲ. ವಿದ್ವತ್ತು ನಂಬತಕ್ಕದ್ದಾಗಿರುವುದು ಅವುಗಳಿಂದಲೇ.

ಮತ್ತೆ ಕೆಲವರು, “ಕಲೆ ಬಿದ್ದ ಮಸುಕು ಚಿತ್ರವನ್ನು ಅಚ್ಚುಹಾಕಿದರೆ ಓದುವವರು ನೋಡುವುದೇ ಇಲ್ಲ” ಎನ್ನುವರು. ನೆರೆಯ ಫ್ರೇಮುಗಳ ಸಹಾಯದಿಂದ ಎಷ್ಟು ಸ್ಫುಟತೆಯನ್ನು ತರಬಹುದೋ ಅಷ್ಟನ್ನು ತರಲು ಯಾವ ನಿಷೇಧವೂ ಇಲ್ಲ. ಆ ಶ್ರಮವನ್ನು ಪಡದೆ ಒಂದೇ ಗುಂಡಿಯನ್ನೊತ್ತಿ ಯಂತ್ರಕ್ಕೆ ಒಪ್ಪಿಸುವುದನ್ನಷ್ಟೇ ನಾವು ಆಕ್ಷೇಪಿಸುವುದು. ಅಲಂಕಾರಕ್ಕಾಗಿ ಮುಖಪುಟದಲ್ಲಿ ಕಲ್ಪಿತಚಿತ್ರವನ್ನು ಹಾಕುವವರು ಕಲ್ಪಿತವೆಂದು ಹೇಳಿ ಹಾಕಲಿ. ಶ್ರೀಶಂಕುಕನು ನಟನಲ್ಲಿ ರಾಮನನ್ನು ಕಾಣುವ ಪ್ರತೀತಿಯನ್ನು ಚಿತ್ರತುರಗದ ದೃಷ್ಟಾಂತದಿಂದ ವಿವರಿಸಿದನು. ಬರೆದ ಕುದುರೆಯನ್ನು ಕುದುರೆಯೆಂದು ಸವಿಯುವುದು ಸಹೃದಯನ ಲಕ್ಷಣ. ಅದನ್ನು ಸಂತೆಯಲ್ಲಿ ಮಾರಹೊರಡುವುದು ವಂಚಕನ ಲಕ್ಷಣ.

ನ್ಯಾಯಸ್ಥಾನಗಳು ಈ ವಿಷಯದಲ್ಲಿ ನಮಗಿಂತ ಎಚ್ಚರವಾಗಿವೆ. ೨೦೨೪ನೆಯ ಇಸವಿ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೆಯ ಕಲಮಿನಂತೆ, ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಸಾಕ್ಷ್ಯವಾಗಿ ಒಪ್ಪಿಸುವವರು ಅದರೊಡನೆ ಪ್ರಮಾಣಪತ್ರವನ್ನೂ ಕೊಡಬೇಕು. ಒಂದು ಗದ್ದೆಯ ವ್ಯಾಜ್ಯಕ್ಕೆ ಬೇಕಾದ ಪ್ರಾಮಾಣ್ಯವು ಒಂದು ನಾಡಿನ ಚರಿತ್ರೆಗೆ ಬೇಡವೆ?

೭. ಉಪಸಂಹಾರ

ಇದುವರೆಗೆ ಹೇಳಿದ್ದರಿಂದ ಫಲಿಸುವ ನಿಯಮಗಳು ಸ್ವಲ್ಪವೇ. ಚಿತ್ರವು ಸ್ಥಿರಛಾಯಾಚಿತ್ರವೋ ಎತ್ತಿದ ಫ್ರೇಮೋ ಎಂಬುದನ್ನು ಶೀರ್ಷಿಕೆಯಲ್ಲಿ ತಿಳಿಸತಕ್ಕದ್ದು. ಫ್ರೇಮಾದರೆ ಯಾವ ಪ್ರತಿಯಿಂದ, ಎಷ್ಟನೆಯ ಗಂಟೆ ನಿಮಿಷ ಸೆಕೆಂಡಿನಿಂದ ಎತ್ತಿದ್ದೆಂದು, ಗ್ರಂಥದ ಆಶ್ವಾಸ ಪದ್ಯಸಂಖ್ಯೆಗಳನ್ನು ಕೊಡುವಂತೆ ಕೊಡತಕ್ಕದ್ದು. ತಿದ್ದುವುದಕ್ಕೆ ಮೊದಲಿನ ಪ್ರತಿಯನ್ನು ಬೇರೆಯಾಗಿ ಉಳಿಸತಕ್ಕದ್ದು. ತಿದ್ದುವುದೆಲ್ಲವನ್ನೂ ಬೇರೆ ಪದರದಲ್ಲಿಯೇ ತಿದ್ದತಕ್ಕದ್ದು. ನೆರೆಯ ಫ್ರೇಮಿನಿಂದ ತುಂಬಿದ್ದನ್ನು ‘ಶೋಧಿತ’ವೆಂದೂ, ಹೊರಗಿನಿಂದಲೋ ಊಹೆಯಿಂದಲೋ ತುಂಬಿದ್ದನ್ನು ‘ಕಲ್ಪಿತ’ವೆಂದೂ ಒಂದೊಂದೇ ಶಬ್ದದಿಂದ ಸೂಚಿಸತಕ್ಕದ್ದು. ಇಷ್ಟಕ್ಕೆ ಶೀರ್ಷಿಕೆಯಲ್ಲಿ ಒಂದು ಪಂಕ್ತಿಗಿಂತ ಹೆಚ್ಚು ಸ್ಥಳವು ಬೇಡ.

ವಿದ್ವತ್ಪರಿಷತ್ತುಗಳು ತಮ್ಮ ಪ್ರಕಟಣೆಗಳಲ್ಲಿ ಮೊದಲು ಈ ಒಂದು ಪಂಕ್ತಿಯನ್ನು ಕಡ್ಡಾಯಮಾಡಿದರೆ ಮಿಕ್ಕವರು ಅನುಸರಿಸುವರು. ‘ಸತಿ ಸುಲೋಚನಾ’ದ ರೀಲು ನಮ್ಮ ಕೈಬಿಟ್ಟುಹೋಯಿತು, ಅದನ್ನು ಇನ್ನು ಯಾವ ತಂತ್ರಾಂಶವೂ ಮರಳಿ ತಾರದು. ಇಂದು ಲಕ್ಷಗಟ್ಟಲೆ ಫ್ರೇಮುಗಳು ನಮ್ಮ ಕೈಯಲ್ಲಿರುವಾಗ ಅವುಗಳನ್ನು ಕಳೆದುಕೊಳ್ಳುವ ಬಗೆಯೇ ಬೇರೆ. ವಸ್ತುವು ನಷ್ಟವಾಗದೆ, ಅದರ ಮೇಲಿನ ನಂಬಿಕೆಯು ನಷ್ಟವಾಗುವುದು. ಈ ವಿಷಯವನ್ನು ತಜ್ಞರೂ ವಿದ್ವಾಂಸರೂ ಕೂಡಿ ವಿಮರ್ಶಿಸಿ, ಇಲ್ಲಿ ಸೂಚಿಸಿದ ಪರಿಭಾಷೆಗಿಂತ ಉತ್ತಮವಾದದ್ದು ದೊರೆತರೆ ಅದನ್ನೇ ನೆಲೆಗೊಳಿಸಬೇಕೆಂದು ವಿಜ್ಞಾಪನೆ.